ಕೈಗೆ ಸಿಕ್ಕ ಸೌಲ

ಕೆಟ್ಟ ನಾಯಕನನ್ನು ಗೌರವಿಸುವುದೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಬೈಬಲಿನಲ್ಲಿ ದಾವೀದನ ಕಥೆ ಓದಿದಾಗ ನನಗೆ ಅನಿಸಿದ್ದು ಇದು.

ಅರಸ ಸೌಲ 3000 ಸೈನಿಕರೊಂದಿಗೆ ದಾವೀದನ ಬೆನ್ನುಹತ್ತಿದ್ದ. ಅವನಿಗೆ ನೆರವಾದರೆಂದು 85 ಯಾಜಕರನ್ನೂ ಕೊಲ್ಲಿಸಿದ್ದ. ಅಂಥವನು ಏಂಗೆದಿಯ ಗುಹೆಯಲ್ಲಿ ಒಂಟಿಯಾಗಿ ಸಿಕ್ಕ. ಸಂಗಡಿಗರು ಇದು ದೇವರೇ ಕೊಟ್ಟ ಅವಕಾಶ ಎಂದರು. ದಾವೀದ ಕತ್ತರಿಸಿದ್ದು ನಿಲುವಂಗಿಯ ಅಂಚನ್ನು ಮಾತ್ರ. ಅದಕ್ಕೂ ಅವನ ಮನಸ್ಸು ಚುಚ್ಚಿತು.

ಆದರೆ ಸುಮ್ಮನಿರಲಿಲ್ಲ. ಹೊರಬಂದು, ತಲೆಬಾಗಿ, ನಡೆದ ಅನ್ಯಾಯವನ್ನು ನೇರವಾಗಿಯೇ ಹೇಳಿದ. ತೀರ್ಪನ್ನು ದೇವರಿಗೆ ಬಿಟ್ಟ. ಸೌಲ ಅತ್ತರೂ ಅವನ ಜೊತೆ ಹೋಗಲಿಲ್ಲ.

ನಮ್ಮ ಕಚೇರಿಗಳಲ್ಲೂ ಕಿರುಕುಳ ಕೊಟ್ಟ ಮೇಲಧಿಕಾರಿ ಒಂದು ದಿನ ಕೈಗೆ ಸಿಗುತ್ತಾನೆ. ಆಗ ದೂರನ್ನು ಎದುರೇ ಹೇಳೋಣ, ಬೇಕಿದ್ದರೆ ದೂರವೂ ಇರೋಣ. ಸೇಡು ಮಾತ್ರ ಬೇಡ. ಕುರ್ಚಿಯನ್ನು ಸೇಡಿನಿಂದ ಗೆದ್ದವನು, ಅದನ್ನು ಹಾಗೆಯೇ ಕಳೆದುಕೊಳ್ಳುವ ದಾರಿಯನ್ನೂ ತೋರಿಸಿಕೊಟ್ಟಿರುತ್ತಾನೆ.