ಮಾತ್ರೆಗಿಂತ ಮೊದಲು ಪೊರಕೆ

ಹುಟ್ಟುಹಬ್ಬದ ದಿನ ನಾಯಿಗಳ ಆಶ್ರಯಧಾಮಕ್ಕೆ ಹೋಗಿ, ಬಿಸ್ಕತ್ತು ಹಂಚಿ, ಮರಿಯೊಂದನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವುದು ಈಗ ನಮ್ಮ ಊರುಗಳಲ್ಲೂ ರೂಢಿಯಾಗಿದೆ. ಬೇಡವೆನ್ನಲು ನಾನ್ಯಾರು? ಆದರೆ ಪಕ್ಕೆಲುಬು ಎಣಿಸುವಂತಿದ್ದು ಹೊಟ್ಟೆ ಮಾತ್ರ ಗುಡಾಣವಾದ ಮರಿಯನ್ನು ನೋಡಿ 'ಎಷ್ಟು ಗುಂಡಗಿದೆ!' ಎಂದು ಮುದ್ದಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉಂಡು ಬೆಳೆದ ಹೊಟ್ಟೆಯಲ್ಲ ಅದು, ಜಂತುಹುಳು ತುಂಬಿದ ಹೊಟ್ಟೆ.

'ಮಾತ್ರೆ ಹಾಕುತ್ತೇವಲ್ಲ' ಎನ್ನುತ್ತಾರೆ ನಡೆಸುವವರು. ಮಾತ್ರೆ ಸಾಯಿಸುವುದು ಹೊಟ್ಟೆಯೊಳಗಿನ ಹುಳುವನ್ನು, ನೆಲದ ಮೇಲಿನ ಮೊಟ್ಟೆಯನ್ನಲ್ಲ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಲಕ್ಷದಷ್ಟು ಮೊಟ್ಟೆ ಇಡಬಲ್ಲದು. ಮಣ್ಣಿನಲ್ಲಿ ಅವು ವರ್ಷಗಟ್ಟಲೆ ಬದುಕುತ್ತವೆ, ಫಿನಾಯಿಲಿಗೂ ಜಗ್ಗುವುದಿಲ್ಲ. ಇಂದು ಮಾತ್ರೆ ನುಂಗಿದ ನಾಯಿ ನಾಳೆ ಅದೇ ನೆಲ ನೆಕ್ಕುತ್ತದೆ. ಮರಿಗಳಿಗಂತೂ ದುಂಡುಹುಳು ತಾಯಿಯ ಗರ್ಭದಲ್ಲೇ ಅಂಟುತ್ತದೆ, ಕೊಕ್ಕೆಹುಳು ಹಾಲಿನಲ್ಲಿ ಬರುತ್ತದೆ. ಹುಟ್ಟಿದ ಎರಡು ವಾರಕ್ಕೇ ಔಷಧಿ ಶುರುವಾಗಬೇಕು. ರಕ್ತ ಹೀರಿಸಿಕೊಂಡು, ಒಸಡು ಬಿಳಿಚಿ ಮರಿ ಸತ್ತರೆ 'ಅದರ ಆಯುಷ್ಯ ಅಷ್ಟೇ' ಎನ್ನುತ್ತೇವೆ. ಆಯುಷ್ಯವಲ್ಲ, ನಮ್ಮ ಅಸಡ್ಡೆ.

ಉಪಾಯ ದೊಡ್ಡದೇನಲ್ಲ. ಆಗಷ್ಟೇ ಮಲದೊಡನೆ ಬಿದ್ದ ದುಂಡುಹುಳುವಿನ ಮೊಟ್ಟೆ ರೋಗ ಹರಡಲು ವಾರಗಳು ಬೇಕು. ಕೊಕ್ಕೆಹುಳುವಿಗೆ ಕೆಲವು ದಿನ. ದಿನವೂ ಎತ್ತಿ ಹಾಕಿದರೆ ಅರ್ಧ ಯುದ್ಧ ಗೆದ್ದಂತೆ. ಬೇಕಾದದ್ದು ಪೊರಕೆ, ಸಲಿಕೆ, ನೀರು ನಿಲ್ಲದ ಸಿಮೆಂಟಿನ ನೆಲ, ಬಿಸಿಲು, ಗುಡಿಸುವ ಕೈಗೆ ತಕ್ಕ ಸಂಬಳ. ಇವಕ್ಕೆ ಯಾವ ದಾನಿಯೂ ತನ್ನ ಹೆಸರಿನ ಫಲಕ ಹಾಕಿಸುವುದಿಲ್ಲ. ಗುಡಿಸುವ ಕೆಲಸ ಯಾರ ಕಣ್ಣಿಗೂ ಬೀಳದೆಂಬುದು ಮನೆ ನಡೆಸುವ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ನೋಡಿದ ಒಂದು ಆಶ್ರಯಧಾಮದಲ್ಲಿ ಗುಡಿಸುವಾಕೆ ಬರಿಗಾಲಲ್ಲಿದ್ದಳು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನೂ ಕೊರೆದು ಒಳಹೋಗುತ್ತದೆ. ದುಂಡುಹುಳುವಿನ ಮೊಟ್ಟೆ ಮಣ್ಣಾಡುವ ಮಗುವಿನ ಬಾಯಿ ಸೇರಿದರೆ ಕಣ್ಣಿಗೇ ಕುತ್ತು ಬರಬಹುದು.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಬೀದಿನಾಯಿಗಳನ್ನು ಆಶ್ರಯಧಾಮಗಳಿಗೆ ಸಾಗಿಸಲು ಆದೇಶಿಸಿತು. ಸಾಗಿಸುವುದು ಸುಲಭ. ಒಂದರ ಮೇಲೊಂದು ತುಂಬಿ, ಹೊಲಸೆತ್ತಲು ಆಳಿಲ್ಲದಿದ್ದರೆ ಅದನ್ನು ಆಶ್ರಯ ಎನ್ನಲಾದೀತೆ? ಹುಳು ಸಾಕುವ ಕೊಟ್ಟಿಗೆ ಎನ್ನಬೇಕು.

ಆದ್ದರಿಂದ ದೇಣಿಗೆ ಕೊಡುವ ಮೊದಲು ಕೇಳಿ: ದಿನಕ್ಕೆ ಎಷ್ಟು ಸಲ ಗುಡಿಸುತ್ತೀರಿ? ಹೊಸ ನಾಯಿಯನ್ನು ಬೇರೆ ಇಡುತ್ತೀರಾ? ಮಲ ಪರೀಕ್ಷೆ ಮಾಡಿಸುತ್ತೀರಾ? ಗುಡಿಸುವವರ ಕಾಲಿಗೆ ಗಂಬೂಟು ಇದೆಯೆ? ಉತ್ತರ ತಡವರಿಸಿದರೆ ಜಗಳವಾಡಬೇಡಿ. ನಿಮ್ಮ ದುಡ್ಡು ಆ ಸಂಬಳಕ್ಕೂ ಆ ಗಂಬೂಟಿಗೂ ಮಾತ್ರ ಎಂದು ರಸೀದಿಯಲ್ಲೇ ಬರೆಸಿ.