ಸೂಜಿ ಊರ ಹತ್ತಿರ ಬರಲಿ, ಕಿಮೋ ನಿಲ್ಲದಿರಲಿ

ಕ್ಯಾನ್ಸರಿಗೆ ಔಷಧಿಯೇನೋ ಸಿಗುತ್ತದೆ, ನೋವಿಗೆ ಯಾರು ದಿಕ್ಕು? ಬೆಂಗಳೂರಿನ ಕಿದ್ವಾಯಿಯಲ್ಲೋ ಸೇಲಂನ ದೊಡ್ಡಾಸ್ಪತ್ರೆಯಲ್ಲೋ ಕಿಮೋ ಹಾಕಿಸಿಕೊಂಡು, ಬಸ್ಸು ರೈಲು ಹಿಡಿದು ಊರು ಸೇರಿದವರಿಗೆ ನೋವು ಏಳುವುದು ಡಾಕ್ಟರ ಎದುರಲ್ಲಿ ಅಲ್ಲ. ಪೆನ್ನಾಗರದ ಆಚೆಯ ಹಳ್ಳಿಯಲ್ಲಿ, ನಡುರಾತ್ರಿ, ಮನೆಯವರೆಲ್ಲ ಕಂಗಾಲಾಗಿ ಕೂತಿರುವಾಗ. ಬೆಳಗಾದ ಮೇಲೆ ಯಾರಾದರೂ ಒಬ್ಬರು ಬಂದು, "ಸೂಜಿ ಹಾಕೋರು ಇದ್ದಾರಂತೆ, ಒಂದ್ಸಲ ತೋರಿಸಿ" ಅಂತಾರೆ. ಹೋಗಬೇಕೋ ಬೇಡವೋ ಎಂಬುದನ್ನು ಧರ್ಮಪುರಿ, ಸೇಲಂ ಜಿಲ್ಲೆಗಳ ನಮ್ಮ ಜನ ಈಗ ಕೂತು ಯೋಚಿಸಬೇಕಾಗಿದೆ.

ಆಕ್ಯುಪಂಕ್ಚರ್ ಎಂದರೆ ಒಂದು ಕಡೆಯವರಿಗೆ ಪವಾಡ, ಇನ್ನೊಂದು ಕಡೆಯವರಿಗೆ ಬರೀ ಮೋಸ. ಎರಡೂ ಸರಿಯಲ್ಲ. ಚೀನಾದ ಈ ವಿದ್ಯೆಯನ್ನು ಅಲ್ಲಿಯೇ ಕಲಿತು ಬಂದು 1959ರಲ್ಲಿ ಕಲ್ಕತ್ತೆಯಲ್ಲಿ ಶುರು ಮಾಡಿದವರು ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರೂ ಒಬ್ಬರು; ಅದೇ ತಂಡದ ಡಾ. ಕೋಟ್ನೀಸ್ ನಮ್ಮಂತೆಯೇ ಗಡಿಯವರು, ಸೊಲ್ಲಾಪುರದವರು. 2003ರಲ್ಲಿ ಕೇಂದ್ರ ಸರ್ಕಾರವೂ ಇದನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿಕೊಂಡಿತು. ಸರ್ಕಾರ ಒಪ್ಪಿತು ಅಂದಮಾತ್ರಕ್ಕೆ ಎಲ್ಲ ನೋವಿಗೂ ನಾಟುತ್ತದೆ ಅಂತೇನಿಲ್ಲ, ಆ ಮಾತು ಬೇರೆ.

ಯಾವುದಕ್ಕೆ ನಾಟುತ್ತದೆ? ಸ್ತನ ಕ್ಯಾನ್ಸರ್ ಆಪರೇಷನ್ ಆದ, ಮುಟ್ಟು ನಿಂತ ಹೆಂಗಸರಿಗೆ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಎಂಬ ಮಾತ್ರೆಗಳನ್ನು ಸಾಮಾನ್ಯವಾಗಿ ಐದು ವರ್ಷ, ದಿನಾ ತಪ್ಪದೆ ನುಂಗಲು ಹೇಳುತ್ತಾರೆ. ಕಾಯಿಲೆ ಮರಳದಂತೆ ಕಾಯುವ ಮಾತ್ರೆ ಅದು. ಆದರೆ ಬೆರಳು, ಮಣಿಕಟ್ಟು, ಮೊಣಕಾಲು ಹಿಡಿದುಕೊಂಡುಬಿಡುತ್ತವೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವ, ಗೂಡು ಬಿಡಿಸುವ, ಮಗ್ಗದಲ್ಲಿ ಕೂರುವ ಹೆಂಗಸಿಗೆ ಬೆರಳು ಮಡಿಯದಿದ್ದರೆ ಬದುಕು ಹೇಗೆ? ನೋವು ತಾಳಲಾರದೆ ಮಾತ್ರೆಯನ್ನೇ ಬಿಟ್ಟುಬಿಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಇದೇ ನೋವಿನ ಬಗ್ಗೆ ಅಮೆರಿಕದಲ್ಲಿ 226 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲ 2018ರಲ್ಲಿ ಹೊರಬಂತು. ಹತ್ತರ ಅಳತೆಯಲ್ಲಿ ನಿಜವಾದ ಸೂಜಿ ಹಾಕಿಸಿಕೊಂಡವರ ನೋವು ಸುಮಾರು ಎರಡು ಅಂಕ ಇಳಿಯಿತು. ಸುಳ್ಳು ಸೂಜಿಯವರಿಗೂ ಏನೂ ಹಾಕಿಸಿಕೊಳ್ಳದವರಿಗೂ ಒಂದೇ ಅಂಕ. ದೊಡ್ಡ ಲಾಭವಲ್ಲ, ಆದರೆ ಸುಳ್ಳೂ ಅಲ್ಲ. 2022ರಲ್ಲಿ ಅಲ್ಲಿನ ಕ್ಯಾನ್ಸರ್ ವೈದ್ಯರ ಸಂಘಗಳು ಈ ಕೀಲುನೋವಿಗೆ ಸೂಜಿ ಚಿಕಿತ್ಸೆ ಕೊಡಬೇಕೆಂದೂ, ಕ್ಯಾನ್ಸರಿನ ಬೇರೆ ಸಾಮಾನ್ಯ ನೋವುಗಳಿಗೆ ಕೊಡಬಹುದೆಂದೂ ಸಲಹೆ ಬರೆದವು. "ಕೊಡಬೇಕು" ಮತ್ತು "ಕೊಡಬಹುದು" ಇವೆರಡರ ನಡುವಿನ ಅಂತರ ವ್ಯಾಪಾರ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಆ ಪರೀಕ್ಷೆಯಲ್ಲಿ ಸೂಜಿ ಹಾಕಿದ್ದು ಮೊದಲ ಆರು ವಾರ ವಾರಕ್ಕೆ ಎರಡು ಸಲ, ಮುಂದಿನ ಆರು ವಾರ ವಾರಕ್ಕೊಮ್ಮೆ. ಒಟ್ಟು 18 ಸಲ. ಪೆನ್ನಾಗರದ ಕಡೆಯ ಹೆಂಗಸು ಸೇಲಂಗೆ 18 ಸಲ ಹೋಗಿಬರಬೇಕು ಅಂದರೆ, ಜೊತೆಗೊಬ್ಬರು ಬೇಕಲ್ಲ, 36 ಆಳಿನ ಕೂಲಿ ಹೋಯಿತು. ಬಸ್ ಚಾರ್ಜು, ಹೋಟೆಲ್ ಊಟ ಬೇರೆ. ಕಿಮೋ ಆದ ಮೈಗೆ ಬಸ್ಸಿನ ಕುಲುಕಾಟ ಇನ್ನೊಂದು ನೋವು. ನಾಲ್ಕು ಸಲ ಹೋಗಿ ಬಿಟ್ಟು, "ಸೂಜಿಯಿಂದ ಏನೂ ಆಗಲಿಲ್ಲ" ಅಂದರೆ ತಪ್ಪು ಸೂಜಿಯದೂ ಅಲ್ಲ, ಅವಳದೂ ಅಲ್ಲ. ಈ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಕ್ಕರೆ ಮಾತ್ರ ನಮ್ಮವರಿಗೆ ಸಿಕ್ಕ ಹಾಗೆ.

ಗೆಡ್ಡೆ ಒತ್ತಿದಾಗ, ಮೂಳೆಗೆ ಇಳಿದಾಗ ಬರುವ ಕಡು ನೋವಿಗೆ ಮೊದಲ ಮದ್ದು ಸೂಜಿಯಲ್ಲ, ಮಾರ್ಫಿನ್. ಮೂಳೆನೋವಿಗೆ ರೇಡಿಯೇಷನ್ನೂ ಕೊಡುತ್ತಾರೆ. ಮಾರ್ಫಿನ್ ಅಂದ ಕೂಡಲೇ "ಅಫೀಮು, ಚಟ ಹತ್ತುತ್ತೆ" ಎಂದು ಮನೆಯವರೇ ಬೇಡ ಅಂತಾರೆ. ಡಾಕ್ಟರು ಅಳತೆ ನೋಡಿ ಕೊಟ್ಟ ಮಾತ್ರೆಗೆ ಆ ಭಯ ಬೇಕಿಲ್ಲ. 2014ರಲ್ಲಿ ಕಾನೂನು ತಿದ್ದಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನು ಸುಲಭ ಮಾಡಿದ್ದಾರೆ. ಸೂಜಿ ಏನಿದ್ದರೂ ಇದರ ಪಕ್ಕದಲ್ಲಿ ಕೂರಬೇಕು, ಇದರ ಜಾಗದಲ್ಲಿ ಅಲ್ಲ.

ಅಪಾಯ ಬರುವುದು "ಕಿಮೋ ನಿಲ್ಲಿಸಿ, ಮಾತ್ರೆ ಎಲ್ಲ ಬಿಸಾಡಿ, ನಾನು ವಾಸಿ ಮಾಡ್ತೀನಿ" ಅನ್ನುವವರಿಂದ. ಸೂಜಿಯಿಂದ ಗೆಡ್ಡೆ ಕರಗುವುದಿಲ್ಲ. ಹಾಗೆ ಹೇಳಿದವರ ಬಾಗಿಲಿಂದ ಆ ಕ್ಷಣವೇ ಎದ್ದು ಬನ್ನಿ. ಕಿಮೋ ನಡೆಯುವಾಗ ರಕ್ತದಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಇಳಿದಿರುತ್ತವೆ; ಅಂಥ ಹೊತ್ತಿನಲ್ಲಿ ಚುಚ್ಚಿದರೆ ನಂಜಾಗಬಹುದು, ರಕ್ತ ನಿಲ್ಲದೆ ಹೋಗಬಹುದು. ಕಂಕುಳಿನ ಗಂಟು ತೆಗೆದು ಊದಿಕೊಂಡ ಕೈಗೆ ಸೂಜಿ ಬೇಡವೇ ಬೇಡ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಸಲ್ಲದು. ಇದನ್ನೆಲ್ಲ ಕೇಳುವ ಹಕ್ಕು ರೋಗಿಗಿದೆ. ಕೇಳಿದರೆ ಸಿಡುಕುವವರ ಹತ್ತಿರ ಮೈ ಒಡ್ಡುವುದೇತಕ್ಕೆ?

ನಮ್ಮವರಿಗೆ ಇನ್ನೊಂದು ತೊಡಕು, ಮಾತಿನದು. ಸಂತೆಯಲ್ಲಿ ತಮಿಳು ಸಲೀಸು, ನೋವು ಮಾತ್ರ ತಾಯ್ನುಡಿಯಲ್ಲೇ ಬರುತ್ತದೆ. ಉರಿ, ಜೋಮು, ಸೆಳೆತ, ಹಿಂಡಿದ ಹಾಗೆ ಎಂದು ಅಜ್ಜಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದನ್ನು ಮೊಮ್ಮಗ ಡಾಕ್ಟರಿಗೆ "ವಲಿ" ಎಂದು ಒಂದೇ ಪದದಲ್ಲಿ ಮುಗಿಸುತ್ತಾನೆ. ಉರಿಯೂ ಜೋಮೂ ನರದ ನೋವು. ಅದಕ್ಕೆ ಮಾತ್ರೆಯೇ ಬೇರೆ. ಕಿಮೋದಿಂದ ಬಂದ ಜೋಮಿಗೆ ಸೂಜಿ ಕೆಲಸ ಮಾಡುತ್ತದೆಂದು ಗಟ್ಟಿಯಾಗಿ ಇನ್ನೂ ತೋರಿಸಿಲ್ಲ. ಆದ್ದರಿಂದ "ಎರಿಚ್ಚಲ್", "ಮರತ್ತುಪ್ಪೋಚ್ಚು" ಎಂದು ಬೇರೆಬೇರೆಯಾಗಿಯೇ ಹೇಳಿಸಿ.

ಮಾಡಬೇಕೆಂದರೆ ದಾರಿ ಇದೆ. ಯೋಗ, ಪ್ರಕೃತಿ ಚಿಕಿತ್ಸೆಯ ಪದವಿ ಪಡೆದ ವೈದ್ಯರು ಆಕ್ಯುಪಂಕ್ಚರನ್ನೂ ಓದಿರುತ್ತಾರೆ. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂಥವರಿದ್ದಾರೆ. ಮನೆಬಾಗಿಲಿಗೆ ಬರುವ "ಮಕ್ಕಳೈ ತೇಡಿ ಮರುತ್ತುವಂ" ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ನಮ್ಮ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ನೋವಿನ ರೋಗಿಗಳ ಆರೈಕೆಯೂ ಅದರ ಕೆಲಸದಲ್ಲಿ ಸೇರಿದೆ. ಪೆನ್ನಾಗರ, ಪಾಲಕ್ಕೋಡು, ಮೇಟೂರು ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ದಿನ ಈ ವೈದ್ಯರು ಕೂರಲಿ. ಕ್ಯಾನ್ಸರ್ ಡಾಕ್ಟರ ಚೀಟಿ, ಹೊಸ ರಕ್ತಪರೀಕ್ಷೆಯ ಕಾಗದ ಇಲ್ಲದೆ ಯಾರಿಗೂ ಸೂಜಿ ಹಾಕಬಾರದು. ಅದೇ ಕೋಣೆಯ ಬೀರುವಿನಲ್ಲಿ ಮಾರ್ಫಿನ್ ಮಾತ್ರೆಯೂ ಇರಲಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಅರ್ಜಿಯ ಜೊತೆ ಇದನ್ನೂ ಒಂದು ಹಾಳೆಯಲ್ಲಿ ತಮಿಳಿನಲ್ಲೇ ಬರೆದು ಕೊಡೋಣ.