ಸಡಿಲ ವ್ಯಾಖ್ಯೆ, ಬಿಗಿ ಜಾಮೀನು

ಭಯೋತ್ಪಾದನೆಯನ್ನು ಕಠಿಣ ಕಾಯ್ದೆಯಿಂದಲೇ ಹತ್ತಿಕ್ಕಬೇಕೆಂಬ ವಾದಕ್ಕೆ ಸುಲಭವಾಗಿ ಸಮ್ಮತಿ ದೊರೆಯುತ್ತದೆ. ಆದರೆ ಕಾಯ್ದೆಯು ಯಾವುದನ್ನು ಭಯೋತ್ಪಾದನೆ ಎನ್ನುತ್ತದೆ ಎಂಬುದೇ ಮೂಲ ಪ್ರಶ್ನೆ. ದುರ್ಬಳಕೆಯ ಆರೋಪ ಹೊತ್ತ ‘ಟಾಡಾ’ 1995ರಲ್ಲಿ ಕೊನೆಗೊಂಡಿತು. 2002ರ ‘ಪೋಟಾ’ 2004ರಲ್ಲಿ ರದ್ದಾಯಿತು. ಅವುಗಳ ಹಲವು ಅಂಶಗಳು ಮಾತ್ರ ತಿದ್ದುಪಡಿಗಳ ಮೂಲಕ 1967ರ ‘ಯುಎಪಿಎ’ಯೊಳಗೆ ನೆಲೆಯೂರಿದವು.

ಅದರ 15ನೇ ಸೆಕ್ಷನ್ ಬಾಂಬು, ಬಂದೂಕುಗಳನ್ನು ಹೆಸರಿಸಿ, ಬಳಿಕ ಯಾವುದೇ ಬಗೆಯ ಇತರ ವಿಧಾನವನ್ನೂ ಸೇರಿಸಿಕೊಳ್ಳುತ್ತದೆ. 2008ರ ತಿದ್ದುಪಡಿಯಂತೆ, ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿಲ್ಲ. ಆರೋಪಪಟ್ಟಿಗೆ 180 ದಿನಗಳವರೆಗೂ ಕಾಲಾವಕಾಶ. ವ್ಯಾಖ್ಯೆ ಹಿಗ್ಗಿ ಜಾಮೀನು ಕುಗ್ಗಿದಾಗ, ತೀರ್ಪಿಗೆ ಮೊದಲೇ ಸೆರೆವಾಸ ಶಿಕ್ಷೆಯಾಗುತ್ತದೆ. ವಿಚಾರಣೆ ವಿಪರೀತ ವಿಳಂಬವಾದರೆ ಜಾಮೀನು ನೀಡಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಉಗ್ರರಿಗೆ ದಯೆ ತೋರಬೇಕೆಂದು ಇದರ ಅರ್ಥವಲ್ಲ. 2008ರ ಮುಂಬೈ ದಾಳಿಕೋರ ಕಸಬ್‌ನನ್ನು 2010ರಲ್ಲಿ ದೋಷಿಯೆಂದು ಸಾಬೀತುಪಡಿಸಿದ್ದು ಪ್ರತ್ಯಕ್ಷ ಸಾಕ್ಷ್ಯಗಳು. ಆ ದಾಳಿಕೋರರು ಬಂದದ್ದು ಸಮುದ್ರ ಮಾರ್ಗದಿಂದ. ಅವರನ್ನು ತಡೆಯಬಹುದಾಗಿದ್ದುದು ಕರಾವಳಿ ಕಾವಲು ಮತ್ತು ಗುಪ್ತಚರ ಸಮನ್ವಯವೇ ಹೊರತು ವ್ಯಾಖ್ಯೆಯ ವಿಸ್ತಾರವಲ್ಲ. ಜೀವಹಾನಿ ಎಸಗುವ ಹಿಂಸೆಗೂ ಸರ್ಕಾರಕ್ಕೆ ಮುಜುಗರ ತರುವ ಪ್ರತಿಭಟನೆಗೂ ನಡುವಣ ಗೆರೆಯನ್ನು ಸಂಸತ್ತು ಸ್ಪಷ್ಟವಾಗಿ ಎಳೆಯಬೇಕು. ಆ ಕೆಲಸವನ್ನು ಪೊಲೀಸ್ ಠಾಣೆಗೆ ಬಿಡಲಾಗದು.